ಅಲುಗದ ಕುರ್ಚಿ

ಆ ಊರಿನಲ್ಲಿ ಕುರ್ಚಿಗಳನ್ನು ಗೋಡೆಗೆ ನೇತುಹಾಕಿರುತ್ತಾರೆ. ಮನೆಯಲ್ಲಿ ಎಷ್ಟು ಜನ ದೊಡ್ಡವರೋ ಅಷ್ಟು ಗೂಟ, ಗೂಟಕ್ಕೊಂದು ಕುರ್ಚಿ. ಊಟಕ್ಕೆ, ಹರಟೆಗೆ, ಒಲೆಯ ಮುಂದೆ ಚಳಿ ಕಾಯಿಸುವುದಕ್ಕೆ ಬೆಂಚುಗಳಿವೆ. ಗೂಟದ ಕುರ್ಚಿಯ ಮೇಲೆ ಮಾತ್ರ ಯಾರೂ ಕೂರುವುದಿಲ್ಲ. ಅದು ಕೆಳಗಿಳಿಯುವುದು ವರ್ಷಕ್ಕೊಮ್ಮೆ. ಜೋಳದ ಕೊಯ್ಲು ಮುಗಿದ ಮೇಲೆ, ಹಿಮ ಬೀಳುವುದಕ್ಕೆ ಮುಂಚೆ ಬರುವ ಒಂದು ಮಂಗಳವಾರ, ಊರಿನ ಗಂಡಸರು ಹೆಂಗಸರೆಲ್ಲ ತಂತಮ್ಮ ಕುರ್ಚಿಯನ್ನು ಹೆಗಲ ಮೇಲಿಟ್ಟುಕೊಂಡು ಬಯಲಿಗೆ ಹೋಗುತ್ತಾರೆ. ಅದು ಮತದ ದಿನ.

ಅಮೆರಿಕದ ನಡುಸೀಮೆಯಲ್ಲಿ ಇಂಥ ಊರುಗಳು ಬೇಕಾದಷ್ಟಿವೆಯಂತೆ. ಸುತ್ತ ಜೋಳದ ಹೊಲ, ನಡುವೆ ಬಿಳಿ ಬಣ್ಣ ಬಳಿದ ಮರದ ಮನೆಗಳು, ಒಂದು ಅಂಚೆ ಕಚೇರಿ, ಒಂದು ಗಿರಣಿ, ಕಬ್ಬಿಣದ ಕಾಲುಗಳ ಮೇಲೆ ನಿಂತ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಊರಿನ ಹೆಸರು ಬರೆದಿರುತ್ತಾರೆ. ಈ ಊರಿನ ಟ್ಯಾಂಕಿನ ಮೇಲಿದ್ದ ಹೆಸರು ಅಳಿಸಿಹೋಗಿ ಬಹಳ ಕಾಲವಾಯಿತು. ಮತ್ತೆ ಬರೆಸಬೇಕೋ ಬೇಡವೋ ಎಂದು ಒಂದು ವರ್ಷ ಮತಕ್ಕೆ ಹಾಕಿದ್ದರು. ಬೇಡ ಎಂದಾಯಿತು. ಹಾಗಾಗಿ ಹೆಸರು ಹೇಳುವುದಕ್ಕೆ ನನ್ನಿಂದಲೂ ಆಗುವುದಿಲ್ಲ.

ಬಯಲಿಗೆ ಎರಡು ಕಡೆ. ಹೊಳೆಯತ್ತ ಇರುವುದು ಗಾಳಿ ಕಡೆ, ಊರತ್ತ ಇರುವುದು ಬಿಸಿಲ ಕಡೆ. ಎರಡರ ನಡುವೆ ಇನ್ನೂರು ಹೆಜ್ಜೆ. ವರ್ಷಕ್ಕೊಂದು ಪ್ರಶ್ನೆಯನ್ನು ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸುತ್ತಾರೆ. ಬೇಕು ಎನ್ನುವವರು ಬಿಸಿಲ ಕಡೆ ಕುರ್ಚಿ ಹಾಕಿ ಕೂರಬೇಕು, ಬೇಡ ಎನ್ನುವವರು ಗಾಳಿ ಕಡೆ. ಆಮೇಲೆ ಎಣಿಸುವವಳು ಬರುತ್ತಾಳೆ. ಅವಳು ಒಂದೊಂದೇ ಕುರ್ಚಿಯ ಹಿಂದೆ ನಿಂತು ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ನೂಕುತ್ತಾಳೆ. ಕುರ್ಚಿ ಅಲುಗದಿದ್ದರೆ ಎಣಿಸುತ್ತಾಳೆ. ಅಲುಗಿದರೆ ಏನೂ ಹೇಳದೆ ಮುಂದಿನ ಕುರ್ಚಿಗೆ ಹೋಗುತ್ತಾಳೆ. ಅಲುಗುವ ಕುರ್ಚಿ ಲೆಕ್ಕಕ್ಕಿಲ್ಲ, ಕೂತವರಿಲ್ಲದ ಕುರ್ಚಿಯೂ ಲೆಕ್ಕಕ್ಕಿಲ್ಲ. ಎರಡೂ ಕಡೆ ಸಮಸಮ ಬಂದರೆ ಇದ್ದದ್ದು ಇದ್ದ ಹಾಗೇ ಇರಬೇಕು. ಕಾನೂನು ಇಷ್ಟೇ.

ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಅರೆಮನಸ್ಸಿನವರು ಊರಿನ ಹಣೆಬರಹ ಬರೆಯುವುದು ಬೇಡ ಎಂದು ಅವರು ಯೋಚಿಸಿದ್ದರು. ಆದರೆ ಬಯಲಿನ ನೆಲ ಕಲ್ಲು, ಅದೂ ಏರುತಗ್ಗಿನದು. ಗಾಳಿ ಕಡೆ ಕುರ್ಚಿಯ ಮುಂದಿನ ಬಲಗಾಲಿಗೆ ಉಬ್ಬು ಸಿಗುತ್ತದೆ, ಬಿಸಿಲ ಕಡೆ ಎಡಗಾಲಿಗೆ. ಮೊದಲ ವರ್ಷ ಕೂತವರು ಕುರ್ಚಿ ಅಲುಗದಿರಲಿ ಎಂದು ಆ ಒಂದು ಕಾಲನ್ನು ಒಂದು ಬೆರಳಿನಷ್ಟು ಕೊಯ್ಯಿಸಿಕೊಂಡರು. ಎರಡನೆಯ ವರ್ಷ ಆ ಕುರ್ಚಿ ಆ ಕಡೆ ಮಾತ್ರ ನಿಂತಿತು. ಮುಂದೆ ಕುರ್ಚಿ ಮಕ್ಕಳಿಗೆ ಬಂತು, ಮಕ್ಕಳು ಅಪ್ಪ ಕೂತಲ್ಲಿ ಕೂತರು. ಸೊಸೆ ಬಂದರೆ ಅವಳಿಗೆ ಅತ್ತೆಯ ಕುರ್ಚಿ. ಬೇರೆ ಕಡೆ ಹಾಕಿ ನೋಡಿದವರು ಇರಲಿಲ್ಲವೆಂದಲ್ಲ. ಅವರ ಕುರ್ಚಿ ಕುಂಟಿತು, ಎಣಿಸುವವಳು ಮುಂದೆ ಹೋದಳು, ಜನ ನಕ್ಕರು. ಮರುವರ್ಷ ಅವರು ತೆಪ್ಪಗೆ ಹಳೆಯ ಜಾಗಕ್ಕೆ ಬಂದರು.

ಹೀಗೆ ಗಾಳಿ ಕಡೆ ಅರವತ್ತೊಂದು, ಬಿಸಿಲ ಕಡೆ ಐವತ್ತನಾಲ್ಕು. ಶಾಲೆಗೆ ಹೊಸ ಗಂಟೆ ಬೇಕೆ? ಅರವತ್ತೊಂದು, ಐವತ್ತನಾಲ್ಕು. ಬೀದಿಗೆ ದೀಪ ಬೇಕೆ? ಅರವತ್ತೊಂದು, ಐವತ್ತನಾಲ್ಕು. ಬೆಂಕಿ ಬಿದ್ದ ಕಡೆಗೆ ನೀರು ಒಯ್ಯುವ ಬಂಡಿ ಬೇಕೆ? ಅರವತ್ತೊಂದು, ಐವತ್ತನಾಲ್ಕು. ಹಳಬರು ಸತ್ತರು, ಹೊಸಬರು ಬಂದರು, ಲೆಕ್ಕ ಮಿಸುಕಲಿಲ್ಲ. ದೂರದ ಪತ್ರಿಕೆಯವನೊಬ್ಬ ಬಂದು ಎರಡು ದಿನ ಉಳಿದು, ಈ ಊರಿನವರದು ಗಟ್ಟಿ ಮನಸ್ಸು ಎಂದು ಬರೆದ. ಊರಿನವರು ಆ ಹಾಳೆಗೆ ಗಾಜು ಹಾಕಿಸಿ ಅಂಚೆ ಕಚೇರಿಯಲ್ಲಿ ತೂಗುಹಾಕಿದರು. ಅವರ ಮನಸ್ಸಿನ ಸಮಾಚಾರ ನನಗೆ ತಿಳಿಯದು, ಕುರ್ಚಿಯ ಕಾಲಿನದು ತಿಳಿದಿದೆ.

ಆ ವರ್ಷ ಬಾಗಿಲಿಗೆ ಅಂಟಿಸಿದ ಪ್ರಶ್ನೆ ಇದು: ಹೊಳೆಯ ಮೇಲಿನ ಮರದ ಸೇತುವೆ ಬೇಕೋ, ಬೇಡವೋ? ಸೇತುವೆ ಹಳೆಯದಾಗಿತ್ತು. ಬೇಕು ಎಂದರೆ ಹೊಸ ಹಲಗೆ ಹಾಕಿ ಭದ್ರ ಮಾಡುವುದು. ಬೇಡ ಎಂದರೆ ಮಾರನೆಯ ಬೆಳಿಗ್ಗೆಯೇ ಬಿಚ್ಚಿಹಾಕುವುದು. ಆ ಹೊಳೆಗೆ ಬೇರೆ ಸೇತುವೆ ಇರಲಿಲ್ಲ, ಅದರ ಸೆಳೆತದಲ್ಲಿ ದೋಣಿ ನಿಲ್ಲುತ್ತಿರಲಿಲ್ಲ. ಆಚೆ ದಡದವರಿಗೂ ಈಚೆ ದಡದವರಿಗೂ ಇದ್ದ ದಾರಿ ಅದೊಂದೇ.

ಆಚೆ ದಡದಲ್ಲಿ ಊರಿನ ಬಡಗಿಯ ಮಗಳಿದ್ದಳು. ಒಬ್ಬಳೇ ಮಗಳು. ಎರಡು ಸಲ ಬಸುರಾಗಿ ಎರಡು ಸಲವೂ ಕೂಸು ಉಳಿದಿರಲಿಲ್ಲ. ಈಗ ಮೂರನೆಯದು, ದಿನ ತುಂಬುವುದು ಹಿಮದ ತಿಂಗಳಲ್ಲಿ. ಈ ಸಲ ನಿನ್ನ ಪಕ್ಕದಲ್ಲೇ ಇರುತ್ತೇನೆ ಎಂದು ಬಡಗಿಯ ಹೆಂಡತಿ ಮಗಳ ಕೈಹಿಡಿದು ಮಾತು ಕೊಟ್ಟು ಬಂದಿದ್ದಳು. ಹೆರಿಗೆಯ ಹೊತ್ತಿಗೆ ಹೋಗುವುದು, ಬಾಣಂತನ ಮುಗಿಸಿ ಬರುವುದು ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ಸೇತುವೆ ಹೋದರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ.

ಪ್ರಶ್ನೆ ಓದಿಕೊಂಡು ಬಂದ ಮಧ್ಯಾಹ್ನ ಹೆಂಡತಿ ಬಡಗಿಯ ಎದುರು ಕೂತಳು.

"ಏನಾಗುತ್ತೆ ರೀ?"

"ಏನಾಗುತ್ತೆ, ಅರವತ್ತೊಂದು, ಐವತ್ತನಾಲ್ಕು."

"ಆ ಅರವತ್ತೊಂದರಲ್ಲಿ ನಾವಿಬ್ಬರೂ ಇದೀವಿ."

ಬಡಗಿ ಗೂಟದ ಕಡೆ ನೋಡಿದ. ಅವನ ಅಪ್ಪನ ಕುರ್ಚಿ, ಅವನ ಅಮ್ಮನ ಕುರ್ಚಿ ಅಲ್ಲಿ ಅಕ್ಕಪಕ್ಕ ತೂಗುತ್ತಿದ್ದವು. ಅಮ್ಮನದು ಮೂವತ್ತು ವರ್ಷದಿಂದ ಹೆಂಡತಿಯದಾಗಿತ್ತು.

ಮತಕ್ಕೆ ಒಂದು ವಾರ ಮುಂಚೆ ಊರಿನವರು ತಮ್ಮ ಕುರ್ಚಿಗಳನ್ನು ಬಡಗಿಯ ಅಂಗಡಿಗೆ ತರುವುದು ವಾಡಿಕೆ. ಅವನು ಕೀಲು ಬಿಗಿ ಮಾಡುತ್ತಾನೆ, ಸಡಿಲವಾದ ಹೆಣಿಗೆ ಎಳೆದು ಕಟ್ಟುತ್ತಾನೆ, ಕಾಲಿನ ಅಳತೆಯನ್ನು ಮಾತ್ರ ಮುಟ್ಟುವುದಿಲ್ಲ. ಅವನ ಅಪ್ಪನೂ ಮುಟ್ಟಿರಲಿಲ್ಲ. ಅಂಗಡಿಗೆ ಮೊದಲು ಬಂದವಳು ಸೇಬಿನ ತೋಟದವಳು. ಗಾಳಿ ಕಡೆಯ ಎರಡನೆಯ ಸಾಲಿನವಳು. ಕುರ್ಚಿ ಕೆಳಗಿಟ್ಟು ಬಾಗಿಲ ಕಡೆ ಒಮ್ಮೆ ನೋಡಿದಳು.

"ಸೇತುವೆ ಹೋದರೆ ನನ್ನ ಸೇಬು ಕೊಳೆತು ಹೋಗುತ್ತೆ ಕಣಪ್ಪ. ಕೊಳ್ಳೋರೆಲ್ಲ ಆಚೆ ದಡದವರೇ."

"ಹಾಗಾದರೆ ಬಿಸಿಲ ಕಡೆ ಹೋಗಿ ಕೂತ್ಕೊಳ್ಳಮ್ಮ."

"ನಾನಾಗಿ ಎದ್ದು ಹೋಗೋದಾ? ನಮ್ಮಜ್ಜಿ ಕೂತ ಜಾಗ ಬಿಟ್ಟು? ಸರಿಹೋಯ್ತು!" ಅವಳು ದನಿ ತಗ್ಗಿಸಿದಳು. "ಕುರ್ಚಿ ಅಲ್ಲಿ ನಿಲ್ಲಲೇ ಇಲ್ಲ ಅಂತಾದರೆ ಅದು ಬೇರೆ ಮಾತು. ಆಗ ಯಾರೂ ನನ್ನ ಅನ್ನೋ ಹಾಗಿಲ್ಲ."

ಬಡಗಿ ಅವಳ ಮುಖವನ್ನೇ ನೋಡಿದ.

"ನಾನೇನೂ ಕೇಳಲಿಲ್ಲ, ನೀನೇನೂ ಹೇಳಲಿಲ್ಲ," ಎಂದಳು ಅವಳು. "ಕೀಲು ಸಡಿಲ ಆಗಿದೆ, ನೋಡು. ಅಷ್ಟೇ."

ಆಮೇಲೆ ಗಿರಣಿಯವನು ಬಂದ. ಅವನ ಗಿರಣಿಗೆ ಅರ್ಧ ಜೋಳ ಆಚೆ ದಡದಿಂದ ಬರಬೇಕು. ಅವನೂ ಬಾಗಿಲ ಕಡೆ ನೋಡಿ, ಕೀಲು ಸಡಿಲ ಎಂದ. ಕೀಲು ಕಲ್ಲಿನ ಹಾಗಿತ್ತು. ಅಂಚೆಯವನು ಬಂದ, ಹಾಲಿನವಳು ಬಂದಳು, ಮತ್ತೂ ಮೂವರು ಬಂದರು. ಶನಿವಾರದ ಹೊತ್ತಿಗೆ ಹೀಗೆ ಹೇಳಿದವರು ಏಳು ಜನ. ಏಳೂ ಜನ ಗಾಳಿ ಕಡೆಯವರು, ಏಳೂ ಜನಕ್ಕೆ ಸೇತುವೆ ಬೇಕು, ಏಳೂ ಜನಕ್ಕೆ ಕೀಲು ಸಡಿಲ. ಒಬ್ಬರು ಅಂಗಡಿಯಿಂದ ಹೊರಗೆ ಬರುವಾಗ ಇನ್ನೊಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಆಗೆಲ್ಲ ಒಬ್ಬರ ಕೈ ಒಬ್ಬರು ಕುಲುಕಿ, "ಈ ಸಲವೂ ನಮ್ಮ ಕಡೆ ಗಟ್ಟಿ ಅಲ್ಲವಾ," ಎಂದುಕೊಂಡರು.

ಭಾನುವಾರ ಬಡಗಿ ಬಾಗಿಲು ಹಾಕಿಕೊಂಡು ಗರಗಸ ತೆಗೆದ. ಗಾಳಿ ಕಡೆಯ ಕುರ್ಚಿಗೆ ಮುಂದಿನ ಬಲಗಾಲು ಒಂದು ಬೆರಳು ಗಿಡ್ಡ. ಎಡಗಾಲನ್ನು ಎರಡು ಬೆರಳು ಕೊಯ್ದರೆ ಅದು ಬಿಸಿಲ ಕಡೆಯ ಕುರ್ಚಿಯಾಗುತ್ತದೆ. ಇಷ್ಟು ಸುಲಭದ ಕೆಲಸವನ್ನು ಆ ಊರಿನಲ್ಲಿ ಯಾರೂ ಮಾಡಿರಲಿಲ್ಲ. ಅವನು ಏಳು ಕುರ್ಚಿಯ ಏಳು ಕಾಲು ಕೊಯ್ದ. ಕೊಯ್ದ ಜಾಗಕ್ಕೆ ಮಣ್ಣು ತಿಕ್ಕಿ ಹಳೆಯದು ಮಾಡಿದ. ಬಿದ್ದ ಮರದ ತುಂಡುಗಳನ್ನು ಒಲೆಗೆ ಹಾಕುತ್ತಾ ಅವನು ಹೆಂಡತಿಗೆ ಲೆಕ್ಕ ಒಪ್ಪಿಸಿದ.

"ಏಳರಲ್ಲಿ ನಾಲ್ಕು ಜನ ಬಿಸಿಲ ಕಡೆ ಹೋದರೆ ಸಾಕು. ಇಲ್ಲಿ ಐವತ್ತೇಳು, ಅಲ್ಲಿ ಐವತ್ತೆಂಟು."

ಹೆಂಡತಿ ಗೂಟದಿಂದ ಎರಡೂ ಕುರ್ಚಿಗಳನ್ನು ಇಳಿಸಿ ಅವನ ಮುಂದಿಟ್ಟಳು.

"ಇವೂ ಕೊಯ್ಯಿರಿ."

"ನಿನ್ನದು ಕೊಯ್ತೀನಿ. ನೀನು ಬಿಸಿಲ ಕಡೆ ಹೋದರೆ ಹೆತ್ತ ಕರುಳು ಅಂತಾರೆ. ನಾನು ಹೋದರೆ ಬಡಗಿ ಏನೋ ಕೈಚಳಕ ಮಾಡಿದ ಅಂತಾರೆ. ಕುರ್ಚಿಗಳನ್ನು ತಿರುವಿ ನೋಡ್ತಾರೆ. ಎಲ್ಲಾ ಕೆಟ್ಟು ಹೋಗುತ್ತೆ."

"ಅಂದರೆ ನೀವು ಅಲ್ಲೇ ಕೂರೋದು."

"ನಾನೊಬ್ಬ ಅಲ್ಲಿ ಕೂತರೆ ಏನಾಯ್ತು? ಏಳು ಜನ ಇದಾರೆ ಕಣೆ, ನಿನ್ನ ಸೇರಿಸಿದರೆ ಎಂಟು."

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಆ ಊರಿನವರೆಲ್ಲರ ಮಾತೂ ಹಾಗೇ. ತಪ್ಪು ಹುಡುಕುವುದು ಕಷ್ಟ. ಹೆಂಡತಿ ಅವನ ಕುರ್ಚಿಯನ್ನು ಮತ್ತೆ ಗೂಟಕ್ಕೆ ಹಾಕಿದಳು. ತನ್ನದನ್ನು ಅವನ ಕೈಗೆ ಕೊಡಲಿಲ್ಲ, ಗರಗಸ ಕೇಳಿ ಇಸಿದುಕೊಂಡು ತಾನೇ ಕೊಯ್ದಳು.

ಮಂಗಳವಾರ ಚರ್ಚಿನ ಗಂಟೆ ಹೊಡೆಯಿತು. ಜನ ಕುರ್ಚಿ ಹೊತ್ತು ಬಂದರು. ಹೆಗಲ ಮೇಲೆ ಕಾಲು ಮೇಲಾಗಿ ನಿಂತ ಕುರ್ಚಿಗಳು, ಕುರ್ಚಿಗಳ ಕೆಳಗೆ ಬಾಗಿದ ತಲೆಗಳು. ಯಾರೂ ಯಾರಿಗೂ ದಾರಿ ತೋರಿಸಲಿಲ್ಲ, ಎಲ್ಲರಿಗೂ ದಾರಿ ಗೊತ್ತಿತ್ತು. ಎಣಿಸುವವಳ ಕೈ ತಾಗುವವರೆಗೆ ಯಾರು ಬೇಕಾದರೂ ಎದ್ದು ಇನ್ನೊಂದು ಕಡೆ ಹೋಗಬಹುದು. ಹೋದವರಿಲ್ಲ, ಅಷ್ಟೇ.

ಅಂಚೆಯವನು ತನ್ನ ಜಾಗದಲ್ಲಿ ಕುರ್ಚಿ ಹಾಕಿದ. ಕೂತ. ಕುರ್ಚಿ ಟಕ್ ಎಂದು ಮುಂದಕ್ಕೆ ವಾಲಿತು. "ಅರೆ, ನಿಲ್ಲುತ್ತಲೇ ಇಲ್ಲವಲ್ಲ ಇದು," ಎಂದು ಮೂರು ಸಾಲಿಗೆ ಕೇಳುವ ಹಾಗೆ ಅಂದ. ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಕೊನೆಗೆ, ಏನು ಮಾಡುವುದಕ್ಕೂ ತೋಚದವನ ಮುಖ ಮಾಡಿಕೊಂಡು, ಕುರ್ಚಿ ಹೊತ್ತು ಬಿಸಿಲ ಕಡೆಗೆ ನಡೆದ. ಅಲ್ಲಿ ಅದು ಗಟ್ಟಿಯಾಗಿ ಕೂತಿತು. ಅವನ ಹಿಂದೆಯೇ ಹಾಲಿನವಳು ಹೋದಳು. ಅವಳೂ ಗೊಣಗುತ್ತಲೇ ಹೋದಳು. ಬಡಗಿಯ ಹೆಂಡತಿ ಮಾತ್ರ ಗೊಣಗಲಿಲ್ಲ. ಗಾಳಿ ಕಡೆ ಹಾಕಿ ನೋಡುವ ನಾಟಕವನ್ನೂ ಆಡದೆ, ನೆಟ್ಟಗೆ ಬಿಸಿಲ ಕಡೆಯ ಮುಂದಿನ ಸಾಲಿಗೆ ಹೋಗಿ ಕೂತಳು.

ಸೇಬಿನ ತೋಟದವಳ ಕುರ್ಚಿಯೂ ಟಕ್ ಎಂದಿತು. ಪಕ್ಕದವಳು ತಿರುಗಿ ನೋಡಿದಳು. ನೋಡಿದ್ದು ಅಷ್ಟೇ. ಸೇಬಿನ ತೋಟದವಳು ಇನ್ನೂರು ಹೆಜ್ಜೆಯಾಚೆ ಒಮ್ಮೆ ನೋಡಿದಳು. ಅವಳು ಬೇಡಿಕೊಂಡ ನೆಪ ಅವಳ ಕೆಳಗೇ ಕುಂಟುತ್ತಿತ್ತು. ಎದ್ದು ಅದನ್ನು ಎತ್ತಿಕೊಂಡರೆ ಮುಗಿಯಿತು. ಆದರೆ ಅವಳು ಮಾಡಿದ್ದೇ ಬೇರೆ. ಪಾದಗಳಿಂದ ಕುರ್ಚಿಯ ಮುಂದಿನ ಕಾಲುಗಳನ್ನು ಅವುಚಿ ಹಿಡಿದಳು, ಸೊಂಟವನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿದಳು, ಸೆರಗಿನಂಥ ತನ್ನ ಉದ್ದನೆಯ ಶಾಲನ್ನು ಮೊಣಕಾಲ ಮೇಲೆ ಇಳಿಬಿಟ್ಟುಕೊಂಡಳು. ನೋಡುವವರಿಗೆ ಕೂತಿದ್ದಾಳೆ. ಅವಳು ಕೂತಿರಲಿಲ್ಲ. ತನ್ನ ಭಾರವನ್ನು ತಾನೇ ಹೊತ್ತುಕೊಂಡು ಗಾಳಿಯಲ್ಲಿದ್ದಳು.

ಬಡಗಿ ಕೊನೆಯ ಸಾಲಿನ ಕೊನೆಯ ಕುರ್ಚಿಯವನು. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ. ಗಿರಣಿಯವನ ಕತ್ತು ಕೆಂಪಗಾಗಿದ್ದನ್ನು ಅವನು ಕಂಡ. ಇನ್ನೊಬ್ಬನ ತೊಡೆ ನಡುಗುತ್ತಿದ್ದದ್ದನ್ನು ಕಂಡ. ಎಣಿಸಿದ: ಐದು ಜನ. ಐದು ಜನ ತಮ್ಮ ತಮ್ಮ ಕುರ್ಚಿಯನ್ನು ಕಾಲಲ್ಲಿ ಹಿಡಿದುಕೊಂಡು, ಬೇಡವಾದದ್ದಕ್ಕೆ ಬೆವರು ಸುರಿಸುತ್ತಿದ್ದರು. ನನಗೆ ಈ ಐವರನ್ನು ನೆನೆದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಇಷ್ಟು ಕಷ್ಟಪಡುವ ಜನ ಇನ್ನೂರು ಹೆಜ್ಜೆ ನಡೆಯಲಾರರೇ?

ಎಣಿಸುವವಳು ಬಿಸಿಲ ಕಡೆಯ ಹಿಂದಿನ ಸಾಲಿನಿಂದ ಶುರು ಮಾಡಿದಳು. ಎರಡು ಬೆರಳು, ಒಂದು ಕುರ್ಚಿ. ಎರಡು ಬೆರಳು, ಒಂದು ಕುರ್ಚಿ. ಐವತ್ತನಾಲ್ಕು ಕಳೆದ ಮೇಲೂ ಅವಳ ದನಿ ನಿಲ್ಲದಿದ್ದಾಗ ಎರಡೂ ಕಡೆಯವರು ತಲೆಯೆತ್ತಿದರು. ಐವತ್ತೈದು, ಅಂಚೆಯವನು. ಐವತ್ತಾರು, ಹಾಲಿನವಳು. ಐವತ್ತೇಳು, ಬಡಗಿಯ ಹೆಂಡತಿ. ಅಲ್ಲಿಗೆ ನಿಂತಿತು.

ಅವಳು ಇನ್ನೂರು ಹೆಜ್ಜೆ ನಡೆದು ಗಾಳಿ ಕಡೆಗೆ ಬಂದಳು. ಮೊದಲ ಸಾಲು, ಎರಡನೆಯ ಸಾಲು. ಸೇಬಿನ ತೋಟದವಳ ಕುರ್ಚಿಯನ್ನು ನೂಕಿದಳು, ಕುರ್ಚಿ ಅಲುಗಲಿಲ್ಲ. ಗಿರಣಿಯವನದೂ ಅಲುಗಲಿಲ್ಲ. ಮೂವತ್ತು, ನಲವತ್ತು, ಐವತ್ತು. ಕೊನೆಯ ಸಾಲಿಗೆ ಬರುವಾಗ ಊರೆಲ್ಲ ಲೆಕ್ಕ ಹಾಕಿ ಮುಗಿಸಿತ್ತು. ಐವತ್ತೈದು. ಐವತ್ತಾರು. ಬಡಗಿಯ ಪಕ್ಕದವನ ಕುರ್ಚಿ, ಐವತ್ತೇಳು. ಇನ್ನು ಉಳಿದದ್ದು ಬಡಗಿಯದು ಒಂದೇ.

ಅವನು ಬಿಸಿಲ ಕಡೆಗೆ ಹೋಗಬೇಕಾಗಿರಲಿಲ್ಲ. ಎದ್ದು ನಿಂತರೆ ಸಾಕಿತ್ತು. ಎದ್ದು ನಿಂತರೆ ಇಲ್ಲಿ ಐವತ್ತೇಳು, ಅಲ್ಲಿ ಐವತ್ತೇಳು, ಸೇತುವೆ ಇದ್ದ ಹಾಗೇ ಇರುತ್ತಿತ್ತು. ಎದ್ದು ನಿಲ್ಲುವುದೂ ಬೇಡ, ಹಿಮ್ಮಡಿಯಿಂದ ಒಂದು ಕಾಲನ್ನು ಒದ್ದು ಕುರ್ಚಿಯನ್ನು ಒಂದಿಷ್ಟು ಸರಿಸಿದ್ದರೂ ಆಗುತ್ತಿತ್ತು. ಅರವತ್ತೊಂದು ಮನೆಮಾತಾದ ಊರು ಮೊದಲ ಸಲ ಹಿಂದಕ್ಕೆ ತಿರುಗಿ ಅವನನ್ನು ನೋಡಿತು. ಬಿಸಿಲ ಕಡೆಯ ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು.

ಎರಡು ಬೆರಳು ಕುರ್ಚಿಯ ಬೆನ್ನಿಗೆ ತಾಗಿದವು. ಬಡಗಿ ಉಸಿರು ಬಿಗಿಹಿಡಿದ. ಅಪ್ಪ ಕೂತ ಕುರ್ಚಿ, ಮಗ ವರ್ಷವರ್ಷ ಬಿಗಿ ಮಾಡಿದ ಕೀಲು, ಅದು ಮಿಸುಕಲಿಲ್ಲ.

"ಐವತ್ತೆಂಟು," ಎಂದಳು ಎಣಿಸುವವಳು.

ಐದು ಜನ ದೊಪ್ಪನೆ ಕೂತರು. ಐದು ಕುರ್ಚಿ ಟಕ್ ಎಂದವು. ಎಣಿಕೆ ಮುಗಿದಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಊರಿನಲ್ಲಿ ಮರದ ಕೆಲಸ ಬಲ್ಲವನು ಒಬ್ಬನೇ. ಹಾಗಾಗಿ ಸೇತುವೆ ಬಿಚ್ಚುವ ಕೆಲಸವೂ ಬಡಗಿಗೇ ಬಂತು. ಬೆಳಗಾದ ಮೇಲೆ ಗಂಡಹೆಂಡಿರು ಒಟ್ಟಿಗೆ ಮನೆಯಿಂದ ಹೊರಟರು. ಅವನ ಕೈಯಲ್ಲಿ ಹಾರೆ, ಅವಳ ಕೈಯಲ್ಲಿ ಬಟ್ಟೆಯ ಗಂಟು. ಊರ ಕಡೆಯ ದಡದಲ್ಲಿ ಹಲಗೆ ಹೊರಲು ಜನ ಸೇರಿದ್ದರು. ಸೇಬಿನ ತೋಟದವಳು ಸೊಂಟ ಹಿಡಿದುಕೊಂಡು ನಿಂತು, "ಅಯ್ಯೋ, ಹೀಗಾಗಬಾರದಿತ್ತು," ಎಂದಳು. ಹಲವರು ಹೌದೌದು ಎಂದರು. ಗಂಡಹೆಂಡಿರು ಅವರನ್ನು ದಾಟಿ ಸೇತುವೆ ಹತ್ತಿದರು.

ಸೇತುವೆಯನ್ನು ಆಚೆ ತುದಿಯಿಂದ ಬಿಚ್ಚುತ್ತಾ ಬರಬೇಕು, ಇಲ್ಲದಿದ್ದರೆ ಬಿಚ್ಚುವವನು ವಾಪಸು ಬರುವುದು ಹೇಗೆ. ಆಚೆ ತುದಿಯವರೆಗೆ ಇಬ್ಬರೂ ನಡೆದರು. ಅಲ್ಲಿ ಹೆಂಡತಿ ಕೊನೆಯ ಹಲಗೆಯಿಂದ ಮಣ್ಣಿನ ಮೇಲೆ ಇಳಿದಳು. ಬಡಗಿ ಹಲಗೆಯ ಮೇಲೆ ಉಳಿದುಕೊಂಡ. ಅವರ ನಡುವೆ ಒಂದು ಹೆಜ್ಜೆ ಇತ್ತು.

"ಬನ್ನಿ," ಎಂದಳು ಅವಳು. "ಇನ್ನೂ ಏನೂ ಬಿಚ್ಚಿಲ್ಲವಲ್ಲ. ಬಂದುಬಿಡಿ. ಮಗಳಿಗೆ ಇಬ್ಬರೂ ಇರ್ತೀವಿ."

ಬಡಗಿ ಹಿಂದಕ್ಕೆ ತಿರುಗಿ ನೋಡಿದ. ಆ ತುದಿಯಲ್ಲಿ ಜನ ಕೈಕಟ್ಟಿ ನಿಂತಿದ್ದರು.

"ಅವರು ಹಲಗೆಗೆ ಕಾಯ್ತಾ ಇದಾರೆ," ಎಂದ.

ಅವಳು ಬಟ್ಟೆಯ ಗಂಟನ್ನು ಮಣ್ಣಿನ ಮೇಲಿಟ್ಟಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ನಿನ್ನೆ ಯಾಕೆ ಏಳಲಿಲ್ಲ?"

"ಎಲ್ಲರೂ ನೋಡ್ತಾ ಇದ್ದರು ಕಣೆ."

"ನಾನೂ ನೋಡ್ತಾ ಇದ್ದೆ," ಎಂದಳು ಅವಳು.

ಗಂಟು ಎತ್ತಿಕೊಂಡು ಮಗಳ ಮನೆಯ ದಾರಿ ಹಿಡಿದಳು. ಬಡಗಿ ಬಗ್ಗಿ, ತನ್ನ ಕಾಲ ಮುಂದಿನ ಹಲಗೆಯ ಕೆಳಗೆ ಹಾರೆ ಹಾಕಿದ.